ಎಂಟಿಲ್ಲದ ಮಣಿಹಾರ

ಬೆಳಗಾವಿಯಿಂದ ಧಾರವಾಡದ ಕಡೆಗೆ ಹೆದ್ದಾರಿಯಲ್ಲಿ ಬರುವವರಿಗೆ ಮಲಪ್ರಭಾ ನದಿಯ ದಂಡೆಯಲ್ಲಿ ಎಂ.ಕೆ. ಹುಬ್ಬಳ್ಳಿ ಎಂಬ ಊರು ಸಿಕ್ಕುತ್ತದೆ. ಮುಗಟಖಾನ ಹುಬ್ಬಳ್ಳಿ ಎಂಬುದು ಅದರ ಪೂರ್ಣ ನಾಮಧೇಯ. ದೊಡ್ಡ ಹುಬ್ಬಳ್ಳಿಯೆಂದು ತಿಳಿದು ಇಲ್ಲಿಯೇ ಇಳಿದುಬಿಟ್ಟ ಪರಸ್ಥಳದವರ ಕಥೆಗಳು ಊರಿನಲ್ಲಿ ಬೇಕಾದಷ್ಟಿವೆ. ಹೊಳೆಯ ನಡುವೆ ಬಸವಣ್ಣನವರ ಧರ್ಮಪತ್ನಿ ಶರಣೆ ಗಂಗಾಂಬಿಕೆಯ ಐಕ್ಯಮಂಟಪವಿದೆ. ಸಂಕ್ರಾಂತಿಯ ದಿನ ಹೊಳೆಯಲ್ಲಿ ಮಿಂದು, ಬುತ್ತಿ ಬಿಚ್ಚಿ ಉಂಡು, ಮಂಟಪಕ್ಕೆ ಕೈಮುಗಿದು ಹೋಗುವವರ ಸಂದಣಿಯ ನಡುವೆ ಬಳೆ, ಕುಂಕುಮ, ಮಣಿಸರ ಮಾರುವವರೂ ಚಾಪೆ ಹಾಸಿ ಕುಳಿತಿರುತ್ತಾರೆ.

ಅಂಥದೊಂದು ಚಾಪೆಯ ಮುಂದೆ ನಮ್ಮ ಅಕ್ಕನ ಮೊಮ್ಮಗಳು ಬಹಳ ಹೊತ್ತು ಕುಳಿತಳು. ಕೊನೆಗೆ ಆರಿಸಿಕೊಂಡ ಸರದಲ್ಲಿ ಒಂದು ಕೆಂಪು, ಎರಡು ಹಳದಿ, ಮೂರು ಹಸಿರು, ಮತ್ತೆ ಎರಡು ಹಳದಿ, ಒಂದು ಕೆಂಪು ಮಣಿಗಳಿದ್ದುವು.

“ಅಜ್ಜಾ, ಯಾವ ತುದಿಯಿಂದ ನೋಡಿದ್ರೂ ಒಂದ ಥರಾ ಐತಿ ನೋಡ್ರಿ” ಎಂದಳು.

“ಹೌದವಾ, ಇಂಥಾ ಸರಾ ಅಂಕಿಯೊಳಗೂ ಅದಾವ” ಎಂದೆ.

ಅವಳ ಮುಖ ಥಟ್ಟನೆ ಸಪ್ಪಗಾಯಿತು. ಹುಡುಗಿ ಆಗ ಹತ್ತನೆಯ ತರಗತಿಯಲ್ಲಿದ್ದಳು. ಎರಡು ವರ್ಷಗಳ ಹಿಂದೆ ಯಾರೋ ಒಬ್ಬ ಹಿರಿಯರು, ‘ನಿನ್ನ ತಲೆಗೆ ಲೆಕ್ಕ ಹತ್ತೂದಿಲ್ಲ’ ಎಂದು ನಾಲ್ವರ ಎದುರಿನಲ್ಲಿ ಅಂದುಬಿಟ್ಟಿದ್ದರಂತೆ. ಅಂದಿನಿಂದ ಅವಳು ಅದನ್ನೇ ನಿಜವೆಂದು ನಂಬಿ, ಗಣಿತದಲ್ಲಿ ಪಾಸಾದರೆ ಸಾಕು, ಆಮೇಲೆ ಈ ಜನ್ಮದಲ್ಲಿ ಅದರ ಮುಖ ನೋಡುವುದಿಲ್ಲವೆಂದು ನಿಶ್ಚಯಿಸಿಕೊಂಡಿದ್ದಳು. ತಾಯಿಗೆ ಇದೊಂದು ಕೊರಗಾಗಿತ್ತು. ನಾನು ಅವಳಿಗೆ ಉಪದೇಶ ಮಾಡಲು ಹೋಗಲಿಲ್ಲ. ಆ ವಯಸ್ಸಿನವರಿಗೆ ಉಪದೇಶ ರುಚಿಸುವುದಿಲ್ಲವೆಂಬುದು ನಾನು ಆ ವಯಸ್ಸಿನಲ್ಲಿದ್ದಾಗಲೇ ತಿಳಿದ ಸಂಗತಿ. ಅಂದು ರಾತ್ರಿ ಊಟವಾದ ಮೇಲೆ ಒಂದು ಹಳೆಯ ವಹಿಯ ಹಿಂಬದಿಯಲ್ಲಿ ಇಷ್ಟು ಬರೆದು ಅವಳ ಮುಂದಿಟ್ಟೆ:

12345679 × 9 = 111111111

ಗುಣಿಸಿ ನೋಡಿದಳು. ಒಂಬತ್ತು ಒಂದುಗಳು ಸಾಲಾಗಿ ಬಂದು ನಿಂತುವು. “ಇದರಾಗ ಎಂಟs ಇಲ್ಲಲ್ಲ! ಬರಿಯೂದು ಮರತ್ರೇನು?” ಎಂದು ಕೇಳಿದಳು. ಮರೆತಿರಲಿಲ್ಲ. ಸಾವಿರಕ್ಕಿಂತ ಹೆಚ್ಚು ವರ್ಷಗಳ ಹಿಂದೆ ಇದನ್ನು ಬರೆದಿಟ್ಟ ಪುಣ್ಯಾತ್ಮನೂ ಮರೆತಿರಲಿಲ್ಲ.

ಆತನೇ ಮಹಾವೀರಾಚಾರ್ಯ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ಸಂಸ್ಕೃತ ಶ್ಲೋಕಗಳಲ್ಲಿ ರಚಿಸಿದ ಜೈನ ಪಂಡಿತ. ಗ್ರಂಥಾರಂಭದಲ್ಲಿ ಅಮೋಘವರ್ಷನನ್ನು ಸ್ತುತಿಸಿದ್ದಾನೆ. ಆ ಅರಸನ ರಾಜಧಾನಿ ಮಾನ್ಯಖೇಟವೇ ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಇಂದಿನ ಮಳಖೇಡ. ಅದೇ ಆಸ್ಥಾನದಲ್ಲಿ, ಅದೇ ಕಾಲದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸಲು ನಾಲ್ಕು ಊರುಗಳನ್ನು ಹೆಸರಿಸುತ್ತದೆಯಷ್ಟೆ. ಅವುಗಳಲ್ಲಿ ಒಂದಾದ ಒಕ್ಕುಂದ ಇರುವುದು ಬೈಲಹೊಂಗಲ ಸೀಮೆಯಲ್ಲಿ. ಆದುದರಿಂದ ಎಂ.ಕೆ. ಹುಬ್ಬಳ್ಳಿಯ ಪಡಸಾಲೆಯಲ್ಲಿ ಕುಳಿತು ಮಹಾವೀರನ ಮಾತೆತ್ತುವುದು ಪರದೇಶದ ಕಥೆ ಹೇಳಿದಂತಲ್ಲ, ನೆರೆಮನೆಯ ಹಿರಿಯರ ಸುದ್ದಿ ಹೇಳಿದಂತೆ.

ಗಣಿತಸಾರಸಂಗ್ರಹವು ಬಹುಕಾಲ ದಕ್ಷಿಣದೇಶದ ಪಾಠಗ್ರಂಥವಾಗಿತ್ತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ಪ್ರತಿಗಳೂ ಇದ್ದುವು. ಮದರಾಸಿನ ಎಂ. ರಂಗಾಚಾರ್ಯರು 1912ರಲ್ಲಿ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಜಗತ್ತಿನ ವಿದ್ವಾಂಸರ ದೃಷ್ಟಿ ಅದರ ಕಡೆಗೆ ಹೊರಳಿತು. ಪ್ರಾಧ್ಯಾಪಿಕೆ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದ ಜೈನಮಠದ ಗ್ರಂಥಮಾಲೆಯಲ್ಲಿ 2000ದಲ್ಲಿ ಬಂದಿತು.

ಆಚಾರ್ಯನಿಗೆ ದೊಡ್ಡ ಸಂಖ್ಯೆಗಳೆಂದರೆ ಬಲು ಪ್ರೀತಿ. ಏಕ, ದಶ, ಶತ, ಸಹಸ್ರದಿಂದ ಹೊರಟು ಖರ್ವ, ಪದ್ಮ, ಶಂಖ, ಕ್ಷಿತಿಗಳನ್ನು ದಾಟಿ, ಇಪ್ಪತ್ತನಾಲ್ಕನೆಯ ಸ್ಥಾನವಾದ ಮಹಾಕ್ಷೋಭದವರೆಗೆ ಹೆಸರು ಹೇಳಿದ್ದಾನೆ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳಿಟ್ಟರೆ ಮಹಾಕ್ಷೋಭ. ಆದರೆ ಅಷ್ಟು ದೂರ ಎಣಿಸಬಲ್ಲೆನೆಂಬ ಹೆಮ್ಮೆಗಿಂತ, ದೊಡ್ಡ ಸಂಖ್ಯೆಯ ಒಳಗೆ ಏನಿದೆ ಎಂದು ಇಣಿಕಿ ನೋಡುವ ಆತನ ಚಪಲವೇ ನನಗೆ ಹೆಚ್ಚು ಇಷ್ಟ. ಗುಣಾಕಾರದ ಪ್ರಕರಣದಲ್ಲಿ ಆತ ಕೊಟ್ಟಿರುವ ಕೆಲವು ಲೆಕ್ಕಗಳ ಉತ್ತರವು ಹಾರದಂತೆ ಬರುತ್ತದೆ. ಹಾಗೆಂದು ಆತನೇ ಅವುಗಳನ್ನು ಕಂಠಾಭರಣವೆಂದು ಕರೆದಿದ್ದಾನೆ. ಎರಡು ತುದಿಗಳಿಂದಲೂ ಓದಿದರೆ ಒಂದೇ. ಕೆಲವನ್ನು ನೋಡಿ:

139 × 109 = 15151
152207 × 73 = 11111111
14287143 × 7 = 100010001
142857143 × 7 = 1000000001
27994681 × 441 = 12345654321
333333666667 × 33 = 11000011000011

ಕೊನೆಯದನ್ನು ಅಂಗಡಿಯ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದರೆ ಯಂತ್ರ ತಬ್ಬಿಬ್ಬಾಗಿ ತಪ್ಪಿನ ಗುರುತು ತೋರಿಸಿ ನಿಲ್ಲುತ್ತದೆ. ಹಾರದಲ್ಲಿ ಹದಿನಾಲ್ಕು ಮಣಿಗಳಿವೆ!

ಇಲ್ಲೊಂದು ಸ್ವಾರಸ್ಯವಿದೆ. ಶ್ಲೋಕದಲ್ಲಿ ಅಂಕಿಗಳನ್ನು ಪೋಣಿಸುವಾಗ ಹಿಂದಿನವರು ಚಂದ್ರ ಎಂದರೆ ಒಂದು, ನೇತ್ರ ಎಂದರೆ ಎರಡು, ಅಗ್ನಿ ಎಂದರೆ ಮೂರು ಎಂದು ಶಬ್ದಗಳಿಂದ ಸೂಚಿಸುತ್ತಿದ್ದರು. ಬಿಡಿಸ್ಥಾನದಿಂದ ಪ್ರಾರಂಭಿಸಿ ಎಡಕ್ಕೆ ನಡೆಯುವುದು ವಾಡಿಕೆ. ಈ ಕ್ರಮ ತಿಳಿಯದೆ ಬಲಕ್ಕೆ ನಡೆದವನ ಲೆಕ್ಕ ಕೆಟ್ಟಂತೆಯೇ. ಆದರೆ ಹಾರದ ಸಂಖ್ಯೆಗೆ ಎಡವೂ ಇಲ್ಲ, ಬಲವೂ ಇಲ್ಲ. ಯಾವ ಕಡೆಯಿಂದ ಬಂದರೂ ಅದೇ ಬಾಗಿಲು. 12345654321ನ್ನು ಆಚಾರ್ಯನು ಒಂದೊಂದು ಅಂಕಿಯಾಗಿ ಹೇಳುವ ಗೋಜಿಗೇ ಹೋಗದೆ, ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವುದು ಎಂದು ಚುಟುಕಾಗಿ ವರ್ಣಿಸಿದ್ದಾನೆ.

ಇನ್ನು ಎಂಟರ ವಿಚಾರ. “ಅದು ಎಲ್ಲಿ ಹೋತು?” ಎಂದು ಹುಡುಗಿ ಹಟ ಹಿಡಿದಳು. ನಾನು ಉತ್ತರ ಹೇಳದೆ, ಒಂಬತ್ತು ಒಂದುಗಳನ್ನು ಬರೆದು ಒಂಬತ್ತರಿಂದ ಭಾಗಿಸು ಎಂದೆ. ಓದುಗರೂ ಒಂದು ಚೀಟಿ ತೆಗೆದುಕೊಂಡು ಜೊತೆಗೆ ಮಾಡಬಹುದು. ಮೊದಲ ಎರಡು ಅಂಕಿ 11. ಅದರಲ್ಲಿ ಒಂಬತ್ತು ಒಂದು ಸಲ ಹೋಗಿ 2 ಉಳಿಯಿತು. ಮುಂದಿನ ಒಂದನ್ನು ಇಳಿಸಿಕೊಂಡರೆ 21. ಎರಡು ಸಲ ಹೋಗಿ 3 ಉಳಿಯಿತು. ಆಮೇಲೆ 31, ಮೂರು ಸಲ ಹೋಗಿ 4 ಶೇಷ. ಹೀಗೆ ಭಾಗಲಬ್ಧವೂ ಒಂದೊಂದು ಮೆಟ್ಟಿಲು ಏರುತ್ತದೆ, ಶೇಷವೂ ಅದಕ್ಕಿಂತ ಒಂದು ಮೆಟ್ಟಿಲು ಮುಂದೆ ಏರುತ್ತದೆ. 71ರಲ್ಲಿ ಏಳು ಸಲ ಹೋಗಿ 8 ಉಳಿಯುವವರೆಗೂ ಈ ಮೆರವಣಿಗೆ ಸಾಗುತ್ತದೆ. ಈಗ ಕೊನೆಯ ಒಂದನ್ನು ಇಳಿಸಿಕೊಂಡರೆ 81. ಎಂಟು ಸಲ ಹೋಗಿ 9 ಉಳಿಯಬೇಕಾಗಿತ್ತು. ಆದರೆ ಒಂಬತ್ತರಿಂದ ಭಾಗಿಸುವಾಗ ಒಂಬತ್ತು ಉಳಿಯುವುದುಂಟೆ? ಅದು ಇನ್ನೊಂದು ಸಲ ಹೋಗಿಯೇ ತೀರಬೇಕು. ಎಂಟು ಸಲದ ಬದಲು ಒಂಬತ್ತು ಸಲ ಹೋಯಿತು, ಶೇಷ ಸೊನ್ನೆಯಾಯಿತು, ಲೆಕ್ಕ ಮುಗಿಯಿತು. ಎಂಟು ಕಳೆದುಹೋದದ್ದಲ್ಲ, ಬಡ್ತಿ ಪಡೆದು ಒಂಬತ್ತಾದದ್ದು.

ಹುಡುಗಿ 81ರ ಬಳಿ ಪೆನ್ಸಿಲು ನಿಲ್ಲಿಸಿದಳು. ಎರಡು ನಿಮಿಷ ಮಾತಿಲ್ಲ. ಆಮೇಲೆ, “ಒಂಬತ್ತು ಉಳೀಲಿಕ್ಕೆ ಬರೂದಿಲ್ಲ, ಅದಕs” ಎಂದು ತನಗೇ ಹೇಳಿಕೊಂಡಂತೆ ಹೇಳಿದಳು. ನಾನು ಹೇಳಿಕೊಡಲಿಲ್ಲವೆಂಬುದಕ್ಕೆ ಅಕ್ಕನೇ ಸಾಕ್ಷಿ.

12345654321ರ ಗುಟ್ಟನ್ನು ತಿಳಿಯಲು ಅಂಗಳದ ರಂಗೋಲಿ ಸಾಕು. 111111ನ್ನು 111111ರಿಂದ ಗುಣಿಸುವುದೆಂದರೆ, ಆರು ಒಂದುಗಳ ಸಾಲನ್ನು ಒಂದೊಂದು ಮನೆ ಎಡಕ್ಕೆ ಸರಿಸುತ್ತ ಆರು ಸಲ ಒಂದರ ಕೆಳಗೊಂದು ಬರೆದು ಕೂಡಿಸುವುದು. ಬಲತುದಿಯ ಕಂಬದಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ಮೂರು, ನಡುವೆ ಆರು, ಆಮೇಲೆ ಇಳಿಕೆ. ಒಂದರಿಂದ ಆರಕ್ಕೇರಿ ಒಂದಕ್ಕಿಳಿಯುವ ಚುಕ್ಕಿಗಳ ಲೆಕ್ಕ ಯಾವ ಗೃಹಿಣಿಗೆ ತಿಳಿಯದು? ಇಷ್ಟು ತಿಳಿದ ಮೇಲೆ ಆಚಾರ್ಯನು ಮಾಡಿದ ಕೈಚಳಕ ಹೊಳೆಯುತ್ತದೆ. 111111 ಎಂದರೆ 21 × 5291. ಇಪ್ಪತ್ತೊಂದರ ವರ್ಗ 441. 5291ರ ವರ್ಗ 27994681. ಹಾರವನ್ನು ಬಿಚ್ಚಿ ಎರಡು ತುಂಡು ಮಾಡಿ, ಮತ್ತೆ ಸೇರಿಸುವ ಕೆಲಸವನ್ನು ಶಿಷ್ಯನಿಗೆ ಬಿಟ್ಟಿದ್ದಾನೆ.

ಇಂಥ ಲೆಕ್ಕಗಳನ್ನು ಬರಿಯ ವಿನೋದವೆಂದು ತಳ್ಳಿಹಾಕುವವರುಂಟು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಈ ದೊಡ್ಡ ಸಂಖ್ಯೆಗಳನ್ನು ಇನ್ನೂ ಒಡೆಯಲಾಗದ ಅವಿಭಾಜ್ಯ ಸಂಖ್ಯೆಗಳವರೆಗೆ ಒಡೆದು ನೋಡಿದರೆ ಒಳಗೆ ಅವೇ ಮಣಿಗಳು ಮತ್ತೆ ಮತ್ತೆ ಸಿಕ್ಕುತ್ತವೆ. ಒಂಬತ್ತು ಒಂದುಗಳನ್ನು ಮೂರು ಮೂರಾಗಿ ಗುಂಪು ಮಾಡಿ: 111 111 111. ಇದು 111 × 1001001 ಅಲ್ಲವೆ? ಮೊದಲನೆಯದು 3 × 37. ಎರಡನೆಯದು 3 × 333667. ಎರಡು ಮೂರುಗಳು ಸೇರಿ ಒಂಬತ್ತಾಗಿ ಹೊರಗೆ ಹೋದರೆ ಒಳಗೆ ಉಳಿಯುವುದು 37 × 333667, ಅದೇ ನಮ್ಮ 12345679. (ಅದರ ಅಂಕಿಗಳನ್ನು ಕೂಡಿಸಿದರೂ 37 ಬರುತ್ತದೆ. ಅದು ಕೇವಲ ಕಾಕತಾಳೀಯ. ಅದರಿಂದ ಯಾರೂ ಶಕುನ ತೆಗೆಯಬಾರದು. ಸಂಖ್ಯೆಯಲ್ಲಿ ಅದೃಷ್ಟ ಹುಡುಕಿ ಓಸಿ ಚೀಟಿಗೆ ದುಡಿಮೆ ಸುರಿಯುವವರನ್ನು ನಮ್ಮ ಕಡೆ ಸಾಕಷ್ಟು ನೋಡಿದ್ದೇವೆ.)

ಈಗ ಆ ಉದ್ದನೆಯ 333333666667ನ್ನು ಒಡೆಯಿರಿ. ಅದು 333667 × 999001. ಹಿಂದಿನ ಹಾರದ ಮಣಿಯೇ ಇಲ್ಲಿಗೂ ಬಂದಿದೆ! 142857143ನ್ನು ಒಡೆಯಿರಿ. ಅದು 143 × 999001. ಇಲ್ಲಿಯೂ ಹಳೆಯ ಪರಿಚಯ. 999001 ಎಂಬುದು 19 × 52579. ಇನ್ನು 37ಂತೂ 12345679ರಲ್ಲಿದೆ, 14287143ರಲ್ಲಿದೆ, 27994681ರಲ್ಲಿ ಎರಡು ಸಲ ಇದೆ. ಎಂಟು ಒಂದುಗಳನ್ನು ನಾಲ್ಕು ನಾಲ್ಕಾಗಿ ಗುಂಪು ಮಾಡಿದರೆ 1111 × 10001. ಎರಡನೆಯದು 73 × 137. ಅದರಲ್ಲಿ 73ನ್ನು ಹೊರಗಿಟ್ಟು, 1111ನ್ನೂ 137ನ್ನೂ ಗುಣಿಸಿದರೆ 152207. ಕಣ್ಣಿಗೆ ಬೇರೆಬೇರೆಯಾಗಿ ಕಾಣುವ ಹಾರಗಳು ಒಂದೇ ಅಕ್ಕಸಾಲಿಗನ ಒಂದೇ ಡಬ್ಬಿಯ ಮಣಿಗಳಿಂದಾದವು.

ಕಣ್ಣುಮುಚ್ಚಿ ಗುಣಿಸುತ್ತ ಹೋದರೆ 152207 × 73 ಎಂಬ ಜೋಡಿ ಸಿಕ್ಕುವ ಸಂಭವ ಎಷ್ಟು? ಉತ್ತರವನ್ನು ಮೊದಲು ಇಟ್ಟುಕೊಂಡು ಅದನ್ನು ಒಡೆದವನಿಗೆ ಮಾತ್ರ ಅದು ಸುಲಭ. ಈ ಲೆಕ್ಕಗಳಿರುವ ಪ್ರಕರಣದಲ್ಲಿಯೇ ಗುಣ್ಯವನ್ನಾಗಲಿ ಗುಣಕವನ್ನಾಗಲಿ ಅಪವರ್ತನಗಳಾಗಿ ಖಂಡಿಸಿ ಗುಣಿಸುವ ವಿಧಾನವನ್ನು ಆಚಾರ್ಯನು ಹೇಳಿಕೊಟ್ಟಿದ್ದಾನೆಂಬುದನ್ನು ನೆನೆಯಬೇಕು. ಇನ್ನೊಂದು ಮಾತು. ಒಂದುಗಳಿಂದಲೇ ಆದ ಸಾಲುಗಳಲ್ಲಿ ಆರು ಒಂದುಗಳು (ವರ್ಗವಾಗಿ), ಎಂಟು ಒಂದುಗಳು, ಒಂಬತ್ತು ಒಂದುಗಳು ಅವನಲ್ಲಿ ಕಾಣುತ್ತವೆ. ಏಳು ಒಂದುಗಳ ಹಾರ ಕಾಣುವುದಿಲ್ಲ. ಕಾರಣ ಊಹಿಸಬಹುದು. ಆರನ್ನು, ಎಂಟನ್ನು, ಒಂಬತ್ತನ್ನು ಸಮನಾಗಿ ಗುಂಪು ಮಾಡಬಹುದು. ಏಳನ್ನು ಮಾಡಲು ಬಾರದು. ಗುಂಪು ಮಾಡಿ ಒಡೆಯುವವನ ಕೈಗೆ ಏಳು ದಕ್ಕುವುದಿಲ್ಲ. ಇದ್ದ ಹಾರಗಳಿಗಿಂತ ಈ ಇಲ್ಲದ ಹಾರವೇ ಆತನ ವಿಧಾನಕ್ಕೆ ದೊಡ್ಡ ಸಾಕ್ಷಿಯೆಂದು ನನಗೆ ತೋರುತ್ತದೆ.

ಹಾಗೆಂದು ಆಚಾರ್ಯನು ಎಡವಲೇ ಇಲ್ಲವೆಂದು ಅಭಿಮಾನದಿಂದ ಬರೆದರೆ ತಪ್ಪಾದೀತು. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುವುದೆಂದು ಹೇಳಿಬಿಟ್ಟಿದ್ದಾನೆ. ಅದು ಸರಿಯಲ್ಲ. ಆದರೆ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ನುಡಿದವನೂ ಅವನೇ. ಈ ತಪ್ಪಿನ ಸುದ್ದಿ ಕೇಳಿ ಹುಡುಗಿಗೆ ಆದ ಸಂತೋಷ ಅಷ್ಟಿಷ್ಟಲ್ಲ. “ಅಂಥಾವರಿಗೂ ತಪ್ಪತಿತ್ತs?” ಎಂದು ಎರಡು ಸಲ ಕೇಳಿದಳು.

142857143ರ ತಲೆಯಲ್ಲಿರುವ 142857ನ್ನು ಕುರಿತು ಒಂದೆರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಒಂದನ್ನು ಏಳರಿಂದ ಭಾಗಿಸಿದರೆ ದಶಮಾಂಶದಲ್ಲಿ ಕೊನೆಯಿಲ್ಲದೆ ಮರುಕಳಿಸುವ ಆರು ಅಂಕಿಗಳು ಇವು. ಎರಡರಿಂದ ಗುಣಿಸಿದರೆ 285714, ಮೂರರಿಂದ ಗುಣಿಸಿದರೆ 428571. ಗಾಣದ ಎತ್ತಿನಂತೆ ಅವೇ ಆರು ಅಂಕಿಗಳು ಸುತ್ತು ಹಾಕುತ್ತವೆ. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ದ.ರಾ. ಕಾಪ್ರೇಕರರು (1905–1986) ಸಂಖ್ಯೆಗಳ ಇನ್ನೊಂದು ಗುಣವನ್ನು ಹಿಡಿದರು. 142857ರ ವರ್ಗ 20408122449. ಅದನ್ನು ಎರಡಾಗಿ ಕಡಿದು 20408ನ್ನೂ 122449ನ್ನೂ ಕೂಡಿಸಿ ನೋಡಿ, ಹೊರಟ ಮನೆಗೇ ಹಿಂದಿರುಗುತ್ತೀರಿ. ಈ ಗುಣವುಳ್ಳ ಸಂಖ್ಯೆಗಳಿಗೆ ಇಂದು ಜಗತ್ತೆಲ್ಲ ಆ ಉಪಾಧ್ಯಾಯರ ಹೆಸರನ್ನೇ ಇಟ್ಟಿದೆ.

ಮರುದಿನ ನಾನು ಊರಿಗೆ ಹೊರಟೆ. ಬಸ್ಸಿನವರೆಗೆ ಕಳಿಸಲು ಬಂದ ಹುಡುಗಿಯ ಕೊರಳಲ್ಲಿ ಹೊಸ ಸರವಿತ್ತು. ಏಳು ಒಂದುಗಳ ಹಾರ ಆಚಾರ್ಯನಲ್ಲಿಲ್ಲವೆಂದು ಹೇಳಿದೆನಲ್ಲ, ಅದನ್ನೇ ಹಿಡಿದುಕೊಂಡಿದ್ದಳು. “ಅದು ಒಡೀತೈತೋ ಇಲ್ಲೋ?” ಎಂದು ಕೇಳಿದಳು. “ಪರೀಕ್ಷೆ ಮುಗೀಲಿ, ಆಮ್ಯಾಲೆ ನೋಡವಾ” ಎಂದು ಹೇಳಿ ಬಸ್ಸು ಹತ್ತಿದೆ. ಹುಡುಗಿ ಮರೆತುಬಿಟ್ಟಳೆಂದೇ ನಾನು ತಿಳಿದಿದ್ದೆ.

ಏಪ್ರಿಲ್ ತಿಂಗಳಲ್ಲಿ ಒಂದು ಸಂಜೆ ನನ್ನ ಮೊಬೈಲಿಗೆ ನಾಲ್ಕು ಚಿತ್ರಗಳು ಬಂದುವು. ವಹಿಯ ನಾಲ್ಕು ಹಾಳೆಗಳು. 1111111ನ್ನು 7ರಿಂದ ಭಾಗಿಸಿ ಶೇಷ ಬಂದಿದೆ, ಗೀಟು ಹೊಡೆದಿದ್ದಾಳೆ. 11ರಿಂದ, 13ರಿಂದ, 17ರಿಂದ, ಗೀಟು. ಹೀಗೆ ಅವಿಭಾಜ್ಯ ಸಂಖ್ಯೆಗಳನ್ನು ಒಂದನ್ನೂ ಬಿಡದೆ ಸಾಲಾಗಿ ಹಿಡಿದು ಭಾಗಿಸುತ್ತ ಹೋಗಿದ್ದಾಳೆ. ಎರಡು ಕಡೆ ತಪ್ಪಿ ಮತ್ತೆ ಮಾಡಿದ್ದಾಳೆ. ನಾಲ್ಕನೆಯ ಹಾಳೆಯ ಕೆಳತುದಿಯಲ್ಲಿ, ನಲವತ್ತೊಂಬತ್ತನೆಯ ಭಾಗಾಕಾರದಲ್ಲಿ, 239 ಶೇಷವಿಲ್ಲದೆ ಹೋಗಿದೆ. ಭಾಗಲಬ್ಧ 4649. ಅದರ ಸುತ್ತ ಕೆಂಪು ಶಾಯಿಯಲ್ಲಿ ಎರಡು ವೃತ್ತ. ಕೆಳಗೆ, ಆಚಾರ್ಯನ ಮಾದರಿಯಲ್ಲಿಯೇ ಎರಡನ್ನೂ ವರ್ಗ ಮಾಡಿ, ತನ್ನದೇ ಒಂದು ಹಾರ ಕಟ್ಟಿದ್ದಳು:

57121 × 21613201 = 1234567654321

ನಾನು ಅದನ್ನು ಕೈಯಿಂದಲೇ ಗುಣಿಸಿ ನೋಡಿದೆ. ಸರಿಯಾಗಿತ್ತು.

ಇಷ್ಟು ಭಾಗಾಕಾರ ಬೇಕಾಗಿರಲಿಲ್ಲವೆಂದು ಹೇಳಲೋ ಬೇಡವೋ ಎಂದು ಆ ರಾತ್ರಿ ಯೋಚಿಸಿದೆ. ಫ್ರಾನ್ಸಿನ ಪಿಯೆರ್ ಡಿ ಫೆರ್ಮಾ ಎಂಬ ನ್ಯಾಯಾಧಿಕಾರಿ 1640ರಲ್ಲಿ ಕಂಡುಹಿಡಿದ ನಿಯಮವೊಂದಿದೆ. ಅದನ್ನು ಅನ್ವಯಿಸಿದರೆ, ಏಳು ಒಂದುಗಳ ಸಂಖ್ಯೆಯನ್ನು ಒಡೆಯಬಲ್ಲ ಅವಿಭಾಜ್ಯವನ್ನು 14ರಿಂದ ಭಾಗಿಸಿದಾಗ ಶೇಷ ಒಂದೇ ಉಳಿಯಬೇಕು. ಹಾಗಿದ್ದರೆ ನೋಡಬೇಕಾದದ್ದು 29, 43, 71, 113, 127, 197, 211, 239, ಎಂಟೇ ಎಂಟು. ನಲವತ್ತೊಂಬತ್ತು ಭಾಗಾಕಾರ ಮಾಡಿದವಳಿಗೆ ಇದನ್ನು ಹೇಳಿದರೆ ಬೇಸರಪಟ್ಟಾಳೆಂದು ಹೆದರಿ ಸುಮ್ಮನಾದೆ.

ಎರಡು ದಿನ ಬಿಟ್ಟು ಅಕ್ಕ ಫೋನು ಮಾಡಿದಳು. “ಏನೋ ತಮ್ಮಾ, ಹುಡುಗಿಗೆ ಏನ ಹಚ್ಚಿಟ್ಟಿ? ಹನ್ನೊಂದು ಒಂದುಗಳನ್ನ ಬರಕೊಂಡು ಕುಂತಾಳ. ಉಣ್ಣಾಕ ಕರದ್ರ ಬರವಲ್ಲಳು.”

ಹನ್ನೊಂದು ಒಂದುಗಳ ಸಂಖ್ಯೆಯನ್ನು ಒಡೆಯಬಲ್ಲ ಅತಿ ಚಿಕ್ಕ ಅವಿಭಾಜ್ಯ 21649. ಒಂದೊಂದಾಗಿ ಭಾಗಿಸುತ್ತ ಅಲ್ಲಿಗೆ ಮುಟ್ಟಬೇಕಾದರೆ ಬೇಸಗೆಯ ರಜೆ ಸಾಲದು. ಅಂದೇ ಫೆರ್ಮಾನ ನಿಯಮವನ್ನು ಬಿಡಿಸಿ ಬರೆದು, ಈ ಸಲ 14ರ ಬದಲು 22 ಎಂದು ಸೂಚಿಸಿ, ಎಂ.ಕೆ. ಹುಬ್ಬಳ್ಳಿಯ ವಿಳಾಸಕ್ಕೆ ಒಂದು ಕಾಗದ ಹಾಕಿದೆ.